ಮುನ್ನೂರರವತ್ತು ಮೊಟ್ಟೆ, ಹನ್ನೊಂದು ತಲೆ

ರಾಸ್ ಮೆಲ್ಲಾಹ್ ಪೊಲೀಸ್ ಠಾಣೆಯ ಇತಿಹಾಸದಲ್ಲಿ ಮಾರ್ಚ್ 26, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಒಂದು ಗಂಭೀರ ಸ್ಥಾನವಿದೆ. ಮುನ್ನೂರರವತ್ತು ಕೋಳಿಮೊಟ್ಟೆಗಳು ಒಂದೇ ಕ್ಷಣದಲ್ಲಿ ನಾಶವಾದ ಬಗ್ಗೆ ಲಿಖಿತ ದೂರು ಬಂದದ್ದು ಆಗ. ಹನ್ನೆರಡು ಟ್ರೇ, ಟ್ರೇಗೆ ಮೂವತ್ತು. ಒಂದೂ ಉಳಿದಿರಲಿಲ್ಲ. ದಕ್ಷಿಣ ಟ್ಯುನೀಷಿಯಾದ ಆ ಮೀನುಗಾರರ ಊರಿನಲ್ಲಿ ಕಡಲು ಉಕ್ಕಿ ದೋಣಿಗಳು ಒಡೆದ ವರ್ಷವೂ ಇಂಥ ಅನಾಹುತ ಆಗಿರಲಿಲ್ಲವೆಂದು ದೂರುದಾರನ ಖಚಿತ ಅಭಿಪ್ರಾಯ.

ದೂರುದಾರ ಹಮ್ಮಾದಿ, ವಯಸ್ಸು ನಲವತ್ತೇಳು, ಮೊಟ್ಟೆ ವ್ಯಾಪಾರಿ. ತಲೆಗೆ ಸುತ್ತಿದ್ದ ಬಿಳಿ ಪಟ್ಟಿ ಅವನ ಒಂದು ಕಿವಿಯನ್ನೂ ಮುಚ್ಚಿತ್ತು. ದೂರಿನಲ್ಲಿ ಆ ಪಟ್ಟಿಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಇನ್‌ಸ್ಪೆಕ್ಟರ್ ನೌಫಲ್ ಗರ್ಗೂರಿ ದೂರನ್ನು ನಿಂತುಕೊಂಡೇ ಓದಿದ. ಕುಳಿತು ಯೋಚಿಸುವುದು ಅವನಿಂದ ಆಗುತ್ತಿರಲಿಲ್ಲ. ಠಾಣೆಯಲ್ಲಿ ಅವನ ಕುರ್ಚಿ ಹದಿನಾಲ್ಕು ವರ್ಷದಿಂದ ಹೊಸದರಂತೆಯೇ ಇತ್ತು. ಅದರ ಸುತ್ತಲಿನ ನೆಲ ಮಾತ್ರ ಸವೆದಿತ್ತು. ಊರಿನವರು ಅವನನ್ನು ಕರೆಯುತ್ತಿದ್ದುದು 'ಶೆಫ್', ಅಂದರೆ ಸಾಹೇಬ, ಎಂದು.

"ಎಲ್ಲಿ ಬಿದ್ದೆ?"

"ಜೈತೂನಾ ಬೀದೀಲಿ ಶೆಫ್, ಸ್ಕೂಲಿನ ಎದುರಿಗೆ. ಹನ್ನೆರಡು ಟ್ರೇ."

"ಯಾವಾಗ?"

"ಹದಿನಾರನೇ ತಾರೀಕು, ಶನಿವಾರ ಬೆಳಿಗ್ಗೆ."

"ಹತ್ತು ದಿನ ಆಯ್ತಲ್ಲಯ್ಯಾ. ಇಷ್ಟು ದಿನ ಎಲ್ಲಿದ್ದೆ?"

"ನಾಕು ದಿನ ಆಸ್ಪತ್ರೇಲಿ. ಆಮೇಲೆ ಮನೇಲಿ. ಎದ್ದು ನಿಂತ್ರೆ ಗೋಡೆ ತಿರುಗ್ತಿತ್ತು. ಇವತ್ತು ಗೋಡೆ ನಿಂತ್ಕೊಂಡಿತು, ಬಂದೆ."

"ಹೇಗೆ ಬಿದ್ದೆ?"

"ಅದನ್ನ ನೀವು ಹೇಳ್ಬೇಕು. ಕೋಳಿ ಮಾರೋ ಲುತ್ಫಿ ರಸ್ತೆಗೆ ಎಣ್ಣೆ ಸುರಿದಿದಾನೆ. ಅವನ ಕೋಳಿ ಮೊಟ್ಟೆ ಇಡಲ್ಲ, ಅದಕ್ಕೆ ಹೊಟ್ಟೆಕಿಚ್ಚು."

"ಎಣ್ಣೆ ನೋಡಿದ್ಯಾ?"

"ಇಲ್ಲ. ಟ್ರೇಗೆ ಹುರಿ ಬಿಗಿದಿದ್ದು ಗೊತ್ತು. ಆಮೇಲೆ ನರ್ಸಮ್ಮ ನಿನ್ನ ಹೆಸರೇನು ಅಂದಿದ್ದು ಗೊತ್ತು. ಮಧ್ಯೆ ಏನೂ ಇಲ್ಲ, ಖಾಲಿ. ಹನ್ನೆರಡು ಟ್ರೇ ಶೆಫ್. ಹೇಳಿದ್ನಾ?"

"ಮೂರು ಸಲ ಹೇಳ್ದೆ. ಹೆಲ್ಮೆಟ್ ಇತ್ತಾ?"

"ಇತ್ತು."

"ತಲೆ ಮೇಲೆ?"

ಹಮ್ಮಾದಿ ಈ ಪ್ರಶ್ನೆಯಲ್ಲಿ ಏನೋ ಅವಮಾನ ಇದೆಯೆಂಬಂತೆ ನೋಡಿದ. "ಮೊಣಕೈಗೆ ಹಾಕಿದ್ದೆ."

ರಾಸ್ ಮೆಲ್ಲಾಹ್‌ನಲ್ಲಿ ಹೆಲ್ಮೆಟ್ಟಿನ ಜಾಗ ಅದೇ. ಮೊಪೆಡ್ ಏರಿದವನು ಅದನ್ನು ಎಡ ಮೊಣಕೈಗೆ ಬುಟ್ಟಿಯಂತೆ ತೂಗುಹಾಕುತ್ತಾನೆ. ಪೊಲೀಸರು ನಿಲ್ಲುವ ವೃತ್ತಕ್ಕೆ ಐವತ್ತು ಮೀಟರ್ ಇರುವಾಗ ತಲೆಗೆ ಏರಿಸುತ್ತಾನೆ, ದಾಟಿ ಐವತ್ತು ಮೀಟರ್‌ಗೆ ಇಳಿಸುತ್ತಾನೆ. ಇದರಿಂದಾಗಿ ಊರಿನ ಮೊಣಕೈಗಳೆಲ್ಲ ಕ್ಷೇಮವಾಗಿದ್ದವು. ನೌಫಲ್ ಮುಂದಿನ ಪ್ರಶ್ನೆಗೆ ಹೋದ. ಅವನ ಸ್ವಂತ ಹೆಲ್ಮೆಟ್ ಬಾಗಿಲ ಹಿಂದಿನ ಮೊಳೆಯಲ್ಲಿ ಧೂಳು ತಿನ್ನುತ್ತಿತ್ತು.

"ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು?"

"ಯಾರೋ ಪುಣ್ಯಾತ್ಮ. ಬಿದ್ದುಹೋಗಿದ್ದ ನನ್ನ ಒಂದು ಚಪ್ಪಲೀನೂ ಹುಡುಕಿ ತಂದು ಮಂಚದ ಕೆಳಗಿಟ್ಟು ಹೋಗಿದ್ದ. ಮುಖ ನೆನಪಿಲ್ಲ. ಆದ್ರೆ ಲುತ್ಫಿ ಅಂತೂ ಅಲ್ಲ."

10 ಗಂಟೆ 25 ನಿಮಿಷಕ್ಕೆ ದೂರು ದಾಖಲಾಯಿತು. ಗಾಯದ ಪ್ರಮಾಣಪತ್ರವಿಲ್ಲದೆ ಪ್ರಥಮ ಮಾಹಿತಿ ವರದಿ ಪೂರ್ತಿಯಾಗುವುದಿಲ್ಲ. ಅದನ್ನು ತರಲು ಹೆಡ್ ಕಾನ್‌ಸ್ಟೆಬಲ್ ಮಬ್ರೂಕ್‌ನನ್ನು ಕಳಿಸಿದರೆ ಸಾಕಿತ್ತು. ಆದರೆ ನೌಫಲ್‌ಗೆ ಕಾಲು ತಡೆಯಲಿಲ್ಲ. ಇಬ್ಬರೂ ಹೋದರು.

ಊರಿನ ಆಸ್ಪತ್ರೆಯ ನೆಲಮಹಡಿಯ ಕೊನೆಯಲ್ಲಿ, ಶವಾಗಾರಕ್ಕೂ ಅಡುಗೆಮನೆಗೂ ನಡುವೆ, ಅಂಕಿ-ಅಂಶ ವಿಭಾಗವಿತ್ತು. ವಿಭಾಗವೆಂದರೆ ಒಂದು ಮೇಜು, ಒಂದು ಗಣಕಯಂತ್ರ ಮತ್ತು ರೌದಾ ಕಮ್ಮೂನ್. ಐವತ್ತು ದಾಟಿದ ಹೆಂಗಸು. ಕನ್ನಡಕವನ್ನು ಹಣೆಯ ಮೇಲೆ ಏರಿಸಿ, ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ತಲೆಗೆ ಪೆಟ್ಟಾಗಿ ಬಂದ ಪ್ರತಿಯೊಬ್ಬನಿಗೂ ಒಂದು ನಮೂನೆ ತುಂಬಿ ತಿಂಗಳ ಕೊನೆಗೆ ರಾಜಧಾನಿಗೆ ಕಳಿಸುವುದು ಅವಳ ಕೆಲಸ. ಹೇಗೆ ಬಿದ್ದ, ಎಲ್ಲಿ, ಎಷ್ಟು ಹೊತ್ತಿಗೆ, ಎಚ್ಚರ ಇತ್ತೇ, ಎಷ್ಟು ಹೊತ್ತು ನೆನಪು ಹೋಗಿತ್ತು, ಹೀಗೆ ಇಪ್ಪತ್ತೆರಡು ಕಲಂ.

"ಹಮ್ಮಾದಿ ವಿಚಾರಕ್ಕೆ ಬಂದ್ರಾ?" ಅಂದಳು. "ಮೊಟ್ಟೆ ಬಗ್ಗೆ ದೂರು ಕೊಟ್ಟಿರ್ತಾನೆ."

"ಹೌದು."

"ದೇವರು ದೊಡ್ಡೋನು. ಎರಡು ತಿಂಗಳಿಂದ ನಗರಸಭೆಗೆ, ಪ್ರಾಂತ್ಯದ ಕಚೇರಿಗೆ, ಎಲ್ಲಾರಿಗೂ ಬರೀತಿದೀನಿ, ತಲೆಗಳು ಒಡೀತಿವೆ ಅಂತ. ಒಬ್ಬ ಬರಲಿಲ್ಲ. ಮೊಟ್ಟೆ ಒಡೆದ ತಕ್ಷಣ ಇನ್‌ಸ್ಪೆಕ್ಟರೇ ಬಂದ್ರು. ಕೂತ್ಕೊಳ್ಳಿ."

ನೌಫಲ್ ಕೂರಲಿಲ್ಲ. ರೌದಾ ಪರದೆಯನ್ನು ಅವನತ್ತ ತಿರುಗಿಸಿದಳು.

"ಈ ಊರಲ್ಲಿ ಮೊಪೆಡ್‌ನಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಳ್ಳೋರು ತಿಂಗಳಿಗೆ ಇಬ್ರು. ವರ್ಷಗಟ್ಲೆ ಇಬ್ರೇ. ಒಬ್ಬ ಇಲ್ಲಿ, ಒಬ್ಬ ಅಲ್ಲಿ, ದೇವರು ಹಂಚಿದ ಹಾಗೆ. ಜನವರಿ ಹದಿನಾಲ್ಕರಿಂದ ಮಾರ್ಚ್ ಹದಿನಾರರವರೆಗೆ ಆ ಇಬ್ಬರ ಜೊತೆಗೆ ಇನ್ನೂ ಹನ್ನೊಂದು ಜನ. ಹನ್ನೊಂದೂ ಜೈತೂನಾ ಬೀದಿ. ಹನ್ನೊಂದೂ ಸ್ಕೂಲಿನ ಎದುರು. ನಿಮ್ಮ ಮೊಟ್ಟೆಯೋನು ಹನ್ನೊಂದನೆಯೋನು."

"ಎಣ್ಣೆನಾ?"

"ಹೇಗೆ ಬಿದ್ದ ಅನ್ನೋ ಕಲಂ ನೋಡಿ. ನೆನಪಿಲ್ಲ, ನೆನಪಿಲ್ಲ, ಮರಳಿಗೆ ಜಾರಿತು ಅಂತ ಕರೆತಂದವರು ಹೇಳಿದರು, ನೆನಪಿಲ್ಲ. ತಲೆಗೆ ಪೆಟ್ಟು ಬಿದ್ದೋರು ಮೊದಲು ಕಳ್ಕೊಳ್ಳೋದೇ ಆ ಕ್ಷಣಾನ. ಹನ್ನೊಂದು ಸಾಕ್ಷಿ ಇದಾರೆ, ಒಬ್ಬನೂ ಏನೂ ನೋಡಿಲ್ಲ. ಇಬ್ಬರು ಮಾತ್ರ ಏನೋ ಅಂದಿದಾರೆ. ರಸ್ತೆಗೆ ಅಡ್ಡ ಕರಿ ಹಾವು ಮಲಗಿತ್ತು ಅಂತ. ಡಾಕ್ಟ್ರು ಅದನ್ನ ಭ್ರಮೆ ಅಂತ ಬರ್ಕೊಂಡಿದಾರೆ."

"ಇಬ್ಬರಿಗೂ ಒಂದೇ ಭ್ರಮೆ?"

"ನಾನೂ ಅದನ್ನೇ ಕೇಳ್ದೆ. ನೀವು ಅಂಕಿ ನೋಡ್ಕೊಳ್ಳಿ ಮದಾಂ ಅಂದ್ರು. ನೋಡ್ಕೊಂಡೆ. ಹತ್ತು ಜನ ಮನೆಗೆ ಹೋದ್ರು. ಒಬ್ಬನಿಗೆ ಲೆಕ್ಕ ಮಾಡೋಕೆ ಬರಲ್ಲ ಈಗ, ಒಬ್ಬ ಹೆಂಡತಿಗೆ ಸುಮ್‌ಸುಮ್ನೆ ರೇಗ್ತಾನೆ. ಅವಳು ಮೊದಲೂ ರೇಗ್ತಿದ್ದ ಅಂತಾಳೆ, ಅದಕ್ಕೆ ಅದನ್ನ ನಮೂನೇಲಿ ಹಾಕಿಲ್ಲ. ಹತ್ತನೆಯೋನು, ವಾಇಲ್ ಅಂತ, ಬೇಕರಿ ಕೆಲಸದೋನು, ಮಾರ್ಚ್ ಎಂಟರಿಂದ ನಗರದ ದೊಡ್ಡಾಸ್ಪತ್ರೇಲಿ ಕಣ್ಣು ಬಿಟ್ಟಿಲ್ಲ."

ನೌಫಲ್ ಗಂಟೆಗಳ ಕಲಂ ಓದಿದ. 7.50, 12.05, 7.45, 8.00, 12.10. ಭಾನುವಾರ ಒಬ್ಬನೂ ಬಿದ್ದಿರಲಿಲ್ಲ. ಸಂಜೆ ಒಬ್ಬನೂ ಬಿದ್ದಿರಲಿಲ್ಲ. ಹದಿನಾರರ ನಂತರ ಯಾರೂ ಬಿದ್ದಿರಲಿಲ್ಲ.

"ಹತ್ತು ದಿನದಿಂದ ನಿಂತುಹೋಗಿದೆ. ಓಡಿಸೋದು ಕಲಿತಿರಬೇಕು," ಅಂದ.

"ಕಲಿತ್ರೆ ನಾನು ಉಪವಾಸ ಮಾಡ್ತೀನಿ," ಅಂದಳು ರೌದಾ.

ಉತ್ತರ ಬಂದದ್ದು ಠಾಣೆಗೆ ಮರಳುವ ದಾರಿಯಲ್ಲಿ, ಮಬ್ರೂಕ್‌ನ ಬಾಯಿಂದ, ಅವನಿಗೇ ತಿಳಿಯದಂತೆ. ಜೀಪ್ ಓಡಿಸುತ್ತ ಅವನು, ಸಾಹೇಬನ ಹೆಸರಿಗೆ ಮರ್ಯಾದೆಯ 'ಸೀ' ಸೇರಿಸಿ ಕರೆಯುತ್ತ, ತನ್ನ ಸಂಸಾರದ ಕಷ್ಟ ತೋಡಿಕೊಳ್ಳುತ್ತಿದ್ದ.

"ನಾಕು ಮಕ್ಕಳು, ಸೀ ನೌಫಲ್. ನಾಕೂ ಮನೇಲಿ. ನಿನ್ನೆ ನನ್ನ ಬೂಟೊಳಗೆ ಆಮೆಮರಿ ಸಾಕಿದಾರೆ. ನಾನು ಕಾಲು ಹಾಕಿದ ಮೇಲೆ ಗೊತ್ತಾಯ್ತು. ಇನ್ನೈದು ದಿನ ಹೇಗೆ ಕಳೀಲಿ?"

"ಐದು ದಿನ ಆದ್ಮೇಲೆ ಏನು?"

"ಸೋಮವಾರ ಸ್ಕೂಲು ಶುರು. ಹದಿನಾರಕ್ಕೆ ರಜ ಕೊಟ್ಟಿದ್ದಲ್ವಾ."

ನೌಫಲ್ ಜೀಪಿನ ಮುಂದಿನ ಗಾಜನ್ನು ಬೆರಳಿನಿಂದ ತಟ್ಟುತ್ತಿದ್ದ. ತಟ್ಟುವುದು ನಿಂತಿತು.

"ಮಬ್ರೂಕ್, ನಿನ್ನ ಮಕ್ಕಳಿಗೆ ಬೆಳಿಗ್ಗೆ ಎಷ್ಟಕ್ಕೆ ಸ್ಕೂಲು?"

"ಎಂಟಕ್ಕೆ. ಹನ್ನೆರಡಕ್ಕೆ ಬಿಡ್ತಾರೆ."

ಅಂದರೆ ಜೈತೂನಾ ಬೀದಿಯಲ್ಲಿ ಏನೋ ಒಂದು ಶಾಲೆಯ ಗಂಟೆಗೆ ಬರುತ್ತಿತ್ತು, ಶಾಲೆಯ ಗಂಟೆಗೆ ಹೋಗುತ್ತಿತ್ತು, ಮಕ್ಕಳ ಜೊತೆ ರಜೆಯನ್ನೂ ತೆಗೆದುಕೊಂಡಿತ್ತು. ಏಪ್ರಿಲ್ ಒಂದಕ್ಕೆ ಅದು ಕೆಲಸಕ್ಕೆ ಮರಳುತ್ತದೆ.

ಮಾರ್ಚ್ 27, ಬುಧವಾರ, ಬೆಳಿಗ್ಗೆ 8 ಗಂಟೆಗೆ ಸ್ಥಳ ಮಹಜರು ಶುರುವಾಯಿತು. ರಸ್ತೆಯ ಅಗಲ ಆರು ಮೀಟರ್. ಎಣ್ಣೆ ಇಲ್ಲ, ಗುಂಡಿ ಇಲ್ಲ, ಹಾವು ಇಲ್ಲ. ಶಾಲೆಯ ಗೋಡೆ ಸುಣ್ಣ ಬಳಿದದ್ದು. ಎದುರಿಗೆ ವಿದ್ಯುತ್ ಕಂಬ. ಅದರ ಪಕ್ಕ ಸ್ಲೀಮ್ ಎಂಬವನ ಕಾಫಿ ಅಂಗಡಿ. ಊರ ಹೊರಗಿನ ಮೀನು ಕಾರ್ಖಾನೆಗೆ, ಬೇಕರಿಗೆ ಹೋಗುವವರು ವೃತ್ತವನ್ನೂ ಅಲ್ಲಿನ ಪೊಲೀಸರನ್ನೂ ತಪ್ಪಿಸಲು ಈ ಬೀದಿಗೆ ನುಗ್ಗುತ್ತಾರೆ.

ಮಬ್ರೂಕ್ ಟೇಪು ಹಿಡಿದು ಮಂಡಿಯೂರಿದ್ದಾಗ ಶಾಲೆಯ ಗೋಡೆಯ ಬುಡದಲ್ಲಿ ಒಂದು ಕಬ್ಬಿಣದ ಬಳೆ ಸಿಕ್ಕಿತು. ದೋಣಿ ಕಟ್ಟುವಂಥದ್ದು, ಒಳಮೈ ಸವೆದು ಹೊಳೆಯುತ್ತಿತ್ತು. ನೇರ ಎದುರಿಗೆ, ಕಂಬದ ಬುಡದಲ್ಲಿ, ಅದರ ಜೋಡಿ.

"ಇದೇನು?" ಎಂದು ನೌಫಲ್ ಸ್ಲೀಮ್‌ನನ್ನು ಕೇಳಿದ.

"ಈದ್ ಕುರಿ ಕಟ್ಟೋಕೆ ಶೆಫ್."

"ಈದ್‌ಗೆ ಇನ್ನೂ ನಾಲ್ಕೂವರೆ ತಿಂಗಳಿದೆ."

"ತಯಾರಿ ಬೇಕಲ್ವಾ."

"ರಸ್ತೆ ಆ ಕಡೆ ಒಂದು, ಈ ಕಡೆ ಒಂದು ಯಾಕೆ?"

"ಕುರಿಗಳಿಗೆ ಒಂದಕ್ಕೊಂದು ಆಗಿಬರಲ್ಲ."

"ಇಲ್ಲಿ ಹನ್ನೊಂದು ಜನ ತಲೆ ಒಡ್ಕೊಂಡಿದಾರೆ. ನಿನ್ನ ಅಂಗಡಿ ಮುಂದೆ."

"ಮರಳು ಶೆಫ್. ಕಡಲ ಗಾಳಿ ತಂದು ಹಾಕತ್ತೆ." ಸ್ಲೀಮ್ ಒಂದು ಲೋಟವನ್ನು ಮೂರನೆಯ ಸಲ ಒರೆಸಿದ. "ಕಾಫಿ ಕುಡೀರಿ."

ಬೀದಿಯ ಏಳು ಮನೆಗಳಲ್ಲಿ ಕೇಳಿದರು. ಏಳರಲ್ಲೂ ಮರಳು. ಒಂದೇ ಮಾತನ್ನು ಅಷ್ಟೊಂದು ಬಾಯಿಗಳು ಹೇಳಿದಾಗ ಅದರಲ್ಲಿ ಪಾಠ ಒಪ್ಪಿಸುವ ರಾಗ ಬರುತ್ತದೆ. ನೌಫಲ್‌ಗೆ ಆ ರಾಗ ಪರಿಚಿತ. ಅವನು ಕಾಫಿ ತೆಗೆದುಕೊಂಡು ಕಂಬಕ್ಕೆ ಒರಗಿ ನಿಂತ. ಬೀದಿಯವರು ಮೊಪೆಡ್ ಹತ್ತಿ ಕೆಲಸಕ್ಕೆ ಹೊರಟಿದ್ದರು. ಮೊದಲನೆಯವನು ಜೋರಾಗಿ ಬಂದು, ಎರಡು ಬಳೆಗಳ ನಡುವೆ ತಟ್ಟನೆ ನಿಧಾನಿಸಿ, ಆಸನದಿಂದ ತುಸು ಮೇಲೆದ್ದು, ದಾಟಿ, ಮತ್ತೆ ಜೋರಾಗಿ ಹೋದ. ಎರಡನೆಯವನೂ ಹಾಗೆಯೇ. ಮೂರನೆಯವಳು ಹಿಂದೆ ತಾಯಿಯನ್ನು ಕೂರಿಸಿಕೊಂಡಿದ್ದಳು. ತಾಯಿಯೂ ಮಗಳೂ ಒಟ್ಟಿಗೆ ಎದ್ದು ಒಟ್ಟಿಗೆ ಕುಳಿತರು.

ಖಾಲಿ ರಸ್ತೆಯಲ್ಲಿ ಇಡೀ ಬೀದಿ ಏನನ್ನೋ ದಾಟುತ್ತಿತ್ತು.

"ಬರ್ಕೋ ಮಬ್ರೂಕ್," ಅಂದ ನೌಫಲ್. "ಸ್ಥಳದಲ್ಲಿ ಏನೂ ಕಂಡುಬರಲಿಲ್ಲ. ಅದನ್ನ ಎಲ್ಲರೂ ಹುಷಾರಾಗಿ ದಾಟುತ್ತಿದ್ದಾರೆ."

"ಹಂಗೇ ಬರೀಲಾ?"

"ಹಂಗೇ ಬರಿ."

ಗುರುವಾರ ಅವನು ನಗರದ ದೊಡ್ಡಾಸ್ಪತ್ರೆಗೆ ಹೋದ. ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ವಾಇಲ್‌ನ ತಾಯಿ ನೆಜ್ಮಾ ಬಿಳಿ ಸಫ್ಸಾರಿ ಹೊದ್ದು ಕುಳಿತಿದ್ದಳು. ಮಡಿಲಲ್ಲಿ ಮಗನ ಹೆಲ್ಮೆಟ್ಟಿತ್ತು, ಒಂದು ಗೀರೂ ಇಲ್ಲದ್ದು. ಅದರೊಳಗೆ ಬ್ರೆಡ್ಡು, ನೀರಿನ ಬಾಟಲಿ, ಔಷಧದ ಚೀಟಿಗಳನ್ನು ಇಟ್ಟುಕೊಂಡಿದ್ದಳು.

"ಖಾಲ್ತಿ, ಚಿಕ್ಕಮ್ಮಾ, ನಾನು ಪೊಲೀಸು."

"ನೋಡಿದ್ರೇ ಗೊತ್ತಾಗತ್ತೆ ಮಗಾ. ಒಂದು ಕಡೆ ನಿಲ್ಲು, ತಲೆ ತಿರುಗತ್ತೆ ನನಗೆ. ಅವನು ಹೇಗೆ ಬಿದ್ದ?"

"ಅದನ್ನೇ ಹುಡುಕ್ತಿದೀನಿ."

"ಹತ್ತು ವರ್ಷದಿಂದ ಓಡಿಸ್ತಾನೆ. ಬಿದ್ದೋನಲ್ಲ. ಡಾಕ್ಟ್ರು ಅಂತಾರೆ, ಎದ್ರೂ ಅವನಿಗೆ ನೆನಪಿರಲ್ಲ ಅಂತ. ಹಂಗಾದ್ರೆ ನನಗೆ ಯಾರು ಹೇಳ್ತಾರೆ? ಯಾರಾದ್ರೂ ಹೇಳ್ಬೇಕಲ್ಲ."

"ಸೋಮವಾರದೊಳಗೆ ಹೇಳ್ತೀನಿ." ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು. "ನೋಡೋಕೆ ಯಾರು ಬರ್ತಾರೆ ಖಾಲ್ತಿ?"

"ಬೇಕರಿಯೋರು ಒಂದ್ಸಲ ಬಂದ್ರು. ಇವನನ್ನ ಎತ್ಕೊಂಡು ಆಸ್ಪತ್ರೆಗೆ ತಂದ ಹಿರಿಯರು ಮಾತ್ರ ಶುಕ್ರವಾರ ಶುಕ್ರವಾರ ಬರ್ತಾರೆ, ಕಿತ್ತಳೆ ತಗೊಂಡು. ಎರಡು ಬಸ್ಸು ಬದಲಾಯಿಸಿ. ನನ್ನ ತಮ್ಮನೇ ಬರಲಿಲ್ಲ, ಇವರು ಬರ್ತಾರೆ. ಆದ್ರೆ ಇವನ ಮುಖ ನೋಡಲ್ಲ. ಆ ಮೆಷೀನ್ ನೋಡ್ತಾ ನಿಲ್ತಾರೆ, ಹೋಗ್ತಾರೆ."

"ಹೆಸರು?"

"ಕೇಳಿದೆ. ದಾರಿಹೋಕ ಅಂದ್ರು."

ರಾಸ್ ಮೆಲ್ಲಾಹ್ ಆಸ್ಪತ್ರೆಯ ಗೇಟಿನಲ್ಲಿ ಒಂದು ಪದ್ಧತಿಯಿದೆ. ರೋಗಿಯನ್ನು ಕರೆತಂದವನ ಗುರುತಿನ ಚೀಟಿಯನ್ನು ಕಾವಲುಗಾರ ಇಸಿದುಕೊಂಡು, ಸಂಖ್ಯೆ ಬರೆದುಕೊಂಡು, ಅವನು ಹೊರಗೆ ಹೋಗುವಾಗ ಹಿಂದಿರುಗಿಸುತ್ತಾನೆ. ಯಾತಕ್ಕೆಂದು ಕಾವಲುಗಾರನಿಗೂ ಗೊತ್ತಿಲ್ಲ; ಆ ಪುಸ್ತಕವನ್ನು ಇದುವರೆಗೆ ಯಾರೂ ತೆರೆದು ನೋಡಿರಲಿಲ್ಲ. ಸಂಜೆ 4 ಗಂಟೆಗೆ ನೌಫಲ್ ಅದನ್ನು ರೌದಾಳ ಮೇಜಿಗೆ ತಂದ. ಹನ್ನೊಂದು ನಮೂನೆಗಳ ದಿನಾಂಕ ಅವಳು ಓದಿದಳು; ಅವನು ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದ. ಏಳು ಕಡೆ ಅದೇ ಎಂಟಂಕಿಯ ಸಂಖ್ಯೆ.

ಠಾಣೆಗೆ ಫೋನ್ ಮಾಡಿದಾಗ ಮಬ್ರೂಕ್ ಎರಡು ನಿಮಿಷದಲ್ಲಿ ಹೆಸರು ಹೇಳಿದ. ಆಮೇಲೆ, "ಸೀ ನೌಫಲ್, ಇದು ಅಮ್ ಖಮೈಸ್. ನನ್ನ ಮಕ್ಕಳ ಸ್ಕೂಲಿನ ಕಾವಲುಗಾರ," ಅಂದ.

ಅರವತ್ತೊಂದು ವರ್ಷದ ಖಮೈಸ್ ಊರಿಗೆಲ್ಲ 'ಅಮ್', ಅಂದರೆ ಚಿಕ್ಕಪ್ಪ. ಶಾಲೆಗೆ ಬರುವ ಮುಂಚೆ ಮೂವತ್ತು ವರ್ಷ ಬಂದರಿನಲ್ಲಿ ಹಡಗಿನ ಹಗ್ಗ ಹೆಣೆಯುವ, ಬೆಸೆಯುವ ಕೆಲಸ ಮಾಡಿದವನು. ಇದನ್ನು ಕೇಳಿದಾಗ ನೌಫಲ್‌ಗೆ ಆ ಕರಿ ಹಾವು ಕಣ್ಣೆದುರು ಬಂದು ಮಲಗಿತು: ತೋಳಿನಷ್ಟು ದಪ್ಪದ ಲಂಗರಿನ ಹಗ್ಗ, ಡಾಂಬರು ಬಳಿದದ್ದು, ರಸ್ತೆಯ ಬಣ್ಣದ್ದೇ.

ಅವನು ಹಗ್ಗದ ಮಾತು ಹೇಳಿದಾಗ ರೌದಾ ಕನ್ನಡಕ ತೆಗೆದು ಒರೆಸಿದಳು. ಡ್ರಾಯರ್ ಎಳೆದು ಇನ್ನೊಂದು ಹಾಳೆ ತೆಗೆದಳು. ಕೊಡಲಿಲ್ಲ, ಮೇಜಿನ ಮೇಲೆ ಮಗುಚಿ ಇಟ್ಟಳು.

"ಇದನ್ನ ತೋರಿಸ್ಲೋ ಬೇಡ್ವೋ ಅಂತ ಮಂಗಳವಾರದಿಂದ ಯೋಚಿಸ್ತಿದೀನಿ."

"ಏನದು?"

"ಅದೇ ಬೀದಿ. ಮಕ್ಕಳ ಕಲಂ. ನಡೆದು ಹೋಗೋ ಮಕ್ಕಳಿಗೆ ಗಾಡಿ ಬಡಿದು ತಲೆಗೆ ಪೆಟ್ಟಾದದ್ದು."

ಅವನು ಹಾಳೆ ತಿರುಗಿಸಿದ. ಸೆಪ್ಟೆಂಬರ್ ಒಂದು. ಅಕ್ಟೋಬರ್ ಎರಡು. ನವೆಂಬರ್ ಒಂದು. ಡಿಸೆಂಬರ್ ಒಂದು. ಜನವರಿ ಒಂಬತ್ತು, ಬೆಳಿಗ್ಗೆ 7.55: ತಸ್ನೀಮ್, ಎಂಟು ವರ್ಷ, ಮೃತ. ಜನವರಿ ಹದಿನಾಲ್ಕರ ನಂತರ ಸೊನ್ನೆ, ಸೊನ್ನೆ, ಸೊನ್ನೆ.

ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು. ನೌಫಲ್ ಮೊದಲ ಬಾರಿಗೆ ಆ ಕೋಣೆಯಲ್ಲಿ ಕುಳಿತ.

"ತೋರಿಸದೇ ಇರಬಹುದಿತ್ತು ನೀವು," ಅಂದ.

"ಒಂದು ಕಲಂ ತೋರಿಸಿ ಇನ್ನೊಂದು ಮುಚ್ಚಿಟ್ರೆ ಅದು ಅಂಕಿ-ಅಂಶ ಅಲ್ಲ, ಚಾಡಿ," ಅಂದಳು ರೌದಾ. "ಹಗ್ಗ ತೆಗೀಲಿಲ್ಲ ಅಂದ್ರೆ ಇನ್ನೊಬ್ಬ ವಾಇಲ್ ಬರ್ತಾನೆ. ತೆಗೆದ್ರೆ ಯಾರು ಬರ್ತಾರೆ ಅಂತ ನಿಮಗೆ ಗೊತ್ತಿರಲಿ."

ಶುಕ್ರವಾರ ಸರ್ಕಾರಿ ಅಭಿಯೋಜಕರು ಕಡತ ಓದಿ ವಾಪಸು ತಳ್ಳಿದರು.

"ಏಳು ಜನರನ್ನ ಆಸ್ಪತ್ರೆಗೆ ಸೇರಿಸಿದಾನೆ. ಇದಕ್ಕೆ ಬಂಧಿಸ್ಬೇಕಾ, ಪದಕ ಕೊಡ್ಬೇಕಾ? ಹಗ್ಗ ಎಲ್ಲಿದೆ?"

"ಸ್ಕೂಲಿನ ಶೆಡ್ಡಲ್ಲಿ ಇರಬಹುದು."

"ಇರಬಹುದು ಅಂತ ಮಕ್ಕಳ ಸ್ಕೂಲಿನ ಬೀಗ ಒಡೆಸಲ್ಲ ನಾನು. ರಸ್ತೆ ಮೇಲೆ ಹಾಕಿದಾಗ ಹಿಡೀರಿ."

ಶನಿವಾರ, ಭಾನುವಾರ ನೌಫಲ್ ಊರಿನ ಬೀದಿಗಳಲ್ಲಿ ಕಾರಣವಿಲ್ಲದೆ ಓಡಾಡಿದ. ಹೆಂಡತಿ ಕಸ್ಕುಸು ಬಡಿಸಿದರೆ ನಿಂತು ತಿಂದ. ಜೈತೂನಾ ಬೀದಿಯ ತಸ್ನೀಮ್‌ಳ ಮನೆಯ ಎದುರು ಎರಡು ಬಾರಿ ಹಾದ, ಬಾಗಿಲು ತಟ್ಟಲಿಲ್ಲ. ಎರಡನೆಯ ಸಲ ತನ್ನ ಮೊಪೆಡ್ ಆ ಎರಡು ಬಳೆಗಳ ನಡುವೆ ತಾನಾಗಿಯೇ ನಿಧಾನಿಸಿದ್ದನ್ನು, ತಾನು ಆಸನದಿಂದ ತುಸು ಎದ್ದಿದ್ದನ್ನು ಗಮನಿಸಿ ಬೆಚ್ಚಿದ. ಮನೆಗೆ ಬಂದು ಹೆಲ್ಮೆಟ್ಟಿನ ಧೂಳು ಒರೆಸಿದ.

ಏಪ್ರಿಲ್ 1, ಸೋಮವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ನೌಫಲ್ ಮತ್ತು ಮಬ್ರೂಕ್ ಮಫ್ತಿಯಲ್ಲಿ ಸ್ಲೀಮ್‌ನ ಅಂಗಡಿಯಲ್ಲಿದ್ದರು. ಬೀದಿಯ ಎರಡೂ ತುದಿಗಳಲ್ಲಿ ಒಬ್ಬೊಬ್ಬ ಪೇದೆ, ಬರುವ ವಾಹನಗಳನ್ನು ತಡೆದು ನಿಲ್ಲಿಸಲು. ಸ್ಲೀಮ್ ಲೋಟ ಒರೆಸುತ್ತಿರಲಿಲ್ಲ.

7 ಗಂಟೆ 25 ನಿಮಿಷಕ್ಕೆ ಶಾಲೆಯ ಗೇಟು ತೆರೆಯಿತು. ಖಮೈಸ್ ಒಂದು ಕೈಗಾಡಿ ತಳ್ಳುತ್ತ ಬಂದ. ನೀಲಿ ಕೋಟು, ತಲೆಗೆ ಕೆಂಪು ಶೆಶಿಯಾ ಟೋಪಿ. ಕೈಗಾಡಿಯಲ್ಲಿ ಸುರುಳಿ ಸುತ್ತಿದ ಹಗ್ಗ. ಅವನು ಒಂದು ತುದಿಯನ್ನು ಗೋಡೆಯ ಬಳೆಗೆ ಸಿಕ್ಕಿಸಿ, ಬೆನ್ನು ಬಾಗಿಸಿ, ರಸ್ತೆ ದಾಟುತ್ತ ಅದನ್ನು ನೇರ ಹಾಸಿಕೊಂಡು ಬಂದ. ಎರಡನೆಯ ತುದಿ ಕಂಬದ ಬಳೆಗೆ ಸೇರುವಾಗ ಅವನ ಕೈಯ ಪಕ್ಕದಲ್ಲಿ ನೌಫಲ್‌ನ ಬೂಟಿತ್ತು.

ಖಮೈಸ್ ತಲೆಯೆತ್ತಿ ನೋಡಿದ. ಗಂಟು ಪೂರ್ತಿ ಬಿಗಿದೇ ಎದ್ದು ನಿಂತ.

"ಸಲಾಂ ಅಲೈಕುಂ, ಶೆಫ್."

"ವಅಲೈಕುಂ. ಇದು ನಿಮ್ಮದಾ, ಅಮ್ ಖಮೈಸ್?"

"ಬಂದರಿನದು. ಹಳೇದು ಅಂತ ಬಿಸಾಡಿದ್ರು."

"ಯಾವತ್ತಿಂದ ಹಾಕ್ತಿದೀರಿ?"

"ತಸ್ನೀಮ್ ಹೋದ ಐದನೇ ದಿನದಿಂದ. ನಾನೇ ಗೇಟಲ್ಲಿ ನಿಂತಿದ್ದೆ. ಅಮ್ ಖಮೈಸ್, ನನ್ನ ಹಲ್ಲು ಬಿತ್ತು ನೋಡು ಅಂತ ಆ ಕಡೆಯಿಂದ ತೋರಿಸ್ದಳು. ತೋರಿಸೋಕೆ ಅಂತ ಓಡಿ ಬಂದಳು."

"ನಗರಸಭೆಗೆ ಹೇಳ್ಬೇಕಿತ್ತು."

ಖಮೈಸ್ ಕೋಟಿನ ಒಳಜೇಬಿನಿಂದ ಪ್ಲಾಸ್ಟಿಕ್ ಚೀಲ ತೆಗೆದ. ಅದರಲ್ಲಿ ಮಡಚಿದ ಏಳು ಅರ್ಜಿ, ಏಳಕ್ಕೂ ಸ್ವೀಕೃತಿಯ ಮೊಹರು. ಮೊದಲನೆಯದು ಮೂರು ವರ್ಷ ಹಳೆಯದು. ಎಲ್ಲಕ್ಕೂ ಸೇರಿ ಬಂದ ಒಂದು ಉತ್ತರ: ರಸ್ತೆಯುಬ್ಬಿಗೆ ತಾಂತ್ರಿಕ ಅಧ್ಯಯನ ಅಗತ್ಯವಿದೆ.

"ಮೊದಲನೆಯೋನು ಬಿದ್ದಾಗಲೇ ಯಾಕೆ ತೆಗೀಲಿಲ್ಲ?"

"ತೆಗೆದೆ. ಎರಡು ದಿನ ಹಾಕಲಿಲ್ಲ. ಮೂರನೇ ದಿನ ಒಂದು ಪಿಕಪ್ ಒಂದು ಮಗೂನ ಸ್ಕೂಲ್‌ಬ್ಯಾಗ್ ಕಿತ್ಕೊಂಡು ಹೋಯ್ತು. ಮಗು ಉಳೀತು. ಬ್ಯಾಗು ಮೀನು ಕಾರ್ಖಾನೆ ಗೇಟಲ್ಲಿ ಸಿಕ್ತು. ಮತ್ತೆ ಹಾಕ್ದೆ." ಅವನು ಹಗ್ಗ ನೋಡುತ್ತ ಹೇಳಿದ. "ನಡಿಗೇ ವೇಗದಲ್ಲಿ ಬಂದ್ರೆ ಇದ್ರಿಂದ ಏನೂ ಆಗಲ್ಲ. ಬೀದಿಯೋರಿಗೆ ಏನೂ ಆಗಿಲ್ಲ. ಹೊರಗಿನೋರು ಹಾರ್ಕೊಂಡು ಬರ್ತಾರೆ, ಹೆಲ್ಮೆಟ್ಟು ಮೊಣಕೈಲಿ. ಬಿಳಿ ಬಣ್ಣ ಬಳೀಬೇಕಿತ್ತು. ಬಳಿದ್ರೆ ನಗರಸಭೆಯೋರು ನೋಡಿ ಎತ್ಕೊಂಡು ಹೋಗ್ತಾರೆ ಅಂತ ಬಳೀಲಿಲ್ಲ. ಅದು ನನ್ನ ತಪ್ಪು."

"ಬಿದ್ದೋರ ಹತ್ರ ಮರಳು ಅಂದ್ರಿ."

"ಅಂದೆ."

"ಮತ್ತೆ ನೀವೇ ಆಸ್ಪತ್ರೆಗೆ ಎತ್ಕೊಂಡು ಹೋದ್ರಿ. ನಿಮ್ಮ ಗುರುತಿನ ಚೀಟಿ ಕೊಟ್ರಿ. ಏಳು ಸಲ. ಯಾಕೆ?"

"ಗೇಟಲ್ಲಿ ಕೇಳ್ತಾರಲ್ಲ ಶೆಫ್," ಅಂದ ಖಮೈಸ್, ತುಸು ಆಶ್ಚರ್ಯದಿಂದ.

ಬೀದಿಯ ಬಾಗಿಲುಗಳು ತೆರೆದಿದ್ದವು. ಸ್ಲೀಮ್ ಮುಂದೆ ಬಂದು ಬಂಧಿಸುವುದಾದರೆ ತನ್ನನ್ನೂ ಬಂಧಿಸಬೇಕೆಂದ. ಕಂಬಕ್ಕೆ ಬಳೆ ಹೊಡೆದದ್ದು ತಾನೆಂದ. ಒಬ್ಬ ಮುದುಕಿ ಡಾಂಬರು ತನ್ನ ಮನೆಯದೆಂದಳು. ಖಮೈಸ್ ಅವರತ್ತ ಕೈಯೆತ್ತಿ, "ಒಳಗೆ ಹೋಗ್ರಪ್ಪಾ. ಮಕ್ಕಳು ಬರೋ ಹೊತ್ತಾಯ್ತು," ಅಂದ.

7 ಗಂಟೆ 40 ನಿಮಿಷಕ್ಕೆ ಜಪ್ತಿ ಮಹಜರು. ಹಗ್ಗ ಒಂದು, ಉದ್ದ ಆರೂವರೆ ಮೀಟರ್. ಅದನ್ನು ಜೀಪಿಗೆ ಹಾಕಲು ಮಬ್ರೂಕ್ ಮತ್ತು ಇಬ್ಬರು ಪೇದೆಗಳು ಎಳೆದಾಡಿದರು. ಅದು ಮೂರು ಕಡೆ ಬಾಗಿ ನಾಲ್ಕನೆಯ ಕಡೆ ಜಾರಿತು. ಖಮೈಸ್ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಸಹಿಸಲಾರದೆ, "ಬಿಡ್ರೋ, ಹಾಗಲ್ಲ," ಎಂದು ತಾನೇ ಬಂದು, ಮೊಣಕಾಲು ಕೊಟ್ಟು, ಎಂಟು ಸುತ್ತಿನಲ್ಲಿ ಅದನ್ನು ಅಚ್ಚುಕಟ್ಟಾಗಿ ಸುರುಳಿ ಮಾಡಿ ಜೀಪಿಗೆ ಏರಿಸಿದ. ಅದರ ಪಕ್ಕದಲ್ಲೇ ಕುಳಿತ.

ಜೀಪ್ ಹೊರಟಿತು. ಎದುರಿನಿಂದ ಮಕ್ಕಳು ಎರಡೆರಡಾಗಿ ಬರುತ್ತಿದ್ದರು.

"ಹನ್ನೆರಡಕ್ಕೆ ಬಿಡ್ತಾರೆ," ಅಂದ ಖಮೈಸ್.

ನೌಫಲ್ ಮುಂದಿನ ಗಾಜನ್ನು ಬೆರಳಿನಿಂದ ತಟ್ಟತೊಡಗಿದ.

"ಗಂಟೆ ಹೊಡೆದ ತಕ್ಷಣ ಓಡ್ತಾರೆ. ಮೊದಲನೇ ಕ್ಲಾಸಿನೋರು ನೋಡೋದೇ ಇಲ್ಲ. ಹನ್ನೆರಡಕ್ಕೆ, ಶೆಫ್."

"ನಿಲ್ಸು," ಅಂದ ನೌಫಲ್. ಮಬ್ರೂಕ್‌ನನ್ನು ಇಳಿಸಿದ. "ಸ್ಕೂಲಿನ ಮುಂದೆ ನಡು ರಸ್ತೇಲಿ ನಿಂತ್ಕೋ."

"ನಾನಾ? ಮಫ್ತೀಲಿ? ಗಾಡಿಯೋರು ನಿಲ್ಲಿಸ್ತಾರಾ?"

"ನಿನ್ನ ಗಾತ್ರಕ್ಕೆ ನಿಲ್ಲಿಸ್ತಾರೆ. ನಾನು ಹೇಳೋವರೆಗೆ ಅಲ್ಲಿಂದ ಕದಲಬೇಡ."

ಠಾಣೆಯಲ್ಲಿ ಖಮೈಸ್‌ನ ಹೇಳಿಕೆ ಎರಡು ಪುಟವಾಯಿತು. ಎಲ್ಲವನ್ನೂ ಒಪ್ಪಿಕೊಂಡ, ಸ್ಲೀಮ್‌ನ ಹೆಸರನ್ನಾಗಲಿ ಬೀದಿಯವರ ಹೆಸರನ್ನಾಗಲಿ ಹೇಳಲಿಲ್ಲ. ತನಗೆ ಮಕ್ಕಳಿಲ್ಲ, ಶಾಲೆಯಲ್ಲಿ ಇನ್ನೂರ ಹನ್ನೆರಡು ಇದ್ದಾರೆ, ಮೊದಲು ಇನ್ನೂರ ಹದಿಮೂರು ಇದ್ದರು ಎಂದು ವಿವರದ ಕಲಂನಲ್ಲಿ ಬರೆಸಿದ. ಸಹಿ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿದ: ಶುಕ್ರವಾರ ವಾಇಲ್‌ನ ತಾಯಿಗೆ ಕಿತ್ತಳೆ ಯಾರು ಕೊಡುತ್ತಾರೆ.

ಸಂಜೆ ನೌಫಲ್ ನಗರಕ್ಕೆ ಹೋಗಿ ನೆಜ್ಮಾಳಿಗೆ ಹೇಳಿದ, ಹಗ್ಗದ ವಿಷಯ ಮತ್ತು ಯಾರ ಹಗ್ಗವೆಂಬ ವಿಷಯ. ಅವಳು ಬಹಳ ಹೊತ್ತು ಹೆಲ್ಮೆಟ್ಟಿನೊಳಗೆ ನೋಡಿದಳು. ಅಲ್ಲಿ ಒಂದು ಕಿತ್ತಳೆ ಉಳಿದಿತ್ತು. ಅದನ್ನು ತೆಗೆದು ಬೆಂಚಿನ ಆ ತುದಿಗೆ, ತನ್ನಿಂದ ದೂರಕ್ಕೆ ಇಟ್ಟಳು.

"ಆ ಮಗುವಿನ ವಯಸ್ಸೆಷ್ಟು ಅಂದೆ?"

"ಎಂಟು, ಖಾಲ್ತಿ."

ನೌಫಲ್ ಹೆಲ್ಮೆಟ್ ತಲೆಗೆ ಹಾಕಿಕೊಂಡು ಊರಿಗೆ ಮರಳಿದ. ವೃತ್ತದಲ್ಲಿದ್ದ ಪೇದೆ ಅವನ ಗುರುತು ಹಿಡಿಯದೆ ತಡೆದು ಕಾಗದ ಕೇಳಿದ.

ವಾಇಲ್ ಏಪ್ರಿಲ್ ಹನ್ನೊಂದಕ್ಕೆ ಕಣ್ಣು ಬಿಟ್ಟ. ತಾಯಿಯ ಗುರುತು ಹಿಡಿಯುತ್ತಾನೆ, ಅತ್ತೆಯ ಹೆಸರಿನಿಂದ ಕರೆಯುತ್ತಾನೆ. ಹಮ್ಮಾದಿಯ ದೂರಿನಲ್ಲಿ ಲುತ್ಫಿಯ ಪಾತ್ರವಿಲ್ಲವೆಂದು ಸಾಬೀತಾಯಿತು, ಹಮ್ಮಾದಿ ಒಪ್ಪಿಲ್ಲ. ನಗರಸಭೆ ಜೈತೂನಾ ಬೀದಿಯ ರಸ್ತೆಯುಬ್ಬಿನ ತಾಂತ್ರಿಕ ಅಧ್ಯಯನಕ್ಕೆ ಸಮಿತಿ ನೇಮಿಸಿದೆ. ಮಬ್ರೂಕ್ ಬೆಳಿಗ್ಗೆ ಎಂಟಕ್ಕೂ ಮಧ್ಯಾಹ್ನ ಹನ್ನೆರಡಕ್ಕೂ ನಡು ರಸ್ತೆಯಲ್ಲಿ ನಿಲ್ಲುತ್ತಾನೆ. ಏಪ್ರಿಲ್ ತಿಂಗಳ ನಮೂನೆಯಲ್ಲಿ ಆ ಬೀದಿಯ ಎರಡೂ ಕಲಂಗಳಲ್ಲಿ ರೌದಾ ಸೊನ್ನೆ ಬರೆದಳು. ಖಮೈಸ್‌ಗೆ ಎಂಟು ತಿಂಗಳ ಶಿಕ್ಷೆಯಾಯಿತು.